ಹಳೆಯ ವಾಹನವೂ ಯೋಗಕ್ಷೇಮವೂ

ಗೃಹಸ್ಥನಾದವನು ದಿನದಿನವೂ ಮಾಡಬೇಕಾದ ನಿರ್ಣಯಗಳಲ್ಲಿ ಬಹುಪಾಲು ಸಣ್ಣವು. ಸಣ್ಣವೆಂಬ ಕಾರಣದಿಂದಲೇ ಅವುಗಳನ್ನು ಧರ್ಮವಿಚಾರದ ಎದುರಿಗೆ ತರುವ ಅಭ್ಯಾಸವು ಲೋಕದಲ್ಲಿ ಕಡಮೆ. ಸತ್ಯ, ದಾನ, ಅಹಿಂಸೆ ಮೊದಲಾದ ಮಾತು ಬಂದಾಗ ಧರ್ಮವನ್ನು ನೆನೆಯುವವನು, ಹಳೆಯ ಪಾತ್ರೆಗೆ ಕಲಾಯಿ ಹಾಕಿಸಬೇಕೋ ಹೊಸದನ್ನು ಕೊಳ್ಳಬೇಕೋ ಎಂಬಲ್ಲಿ ಕೈಯಲ್ಲಿರುವ ಹಣವನ್ನಷ್ಟೇ ಎಣಿಸಿಕೊಳ್ಳುತ್ತಾನೆ. ಆದರೆ ಮನುಷ್ಯನ ಶೀಲವು ರೂಪುಗೊಳ್ಳುವುದು ಹೆಚ್ಚಾಗಿ ಇಂಥ ಸಣ್ಣ ವ್ಯವಹಾರಗಳಲ್ಲಿಯೇ. ಅಲ್ಲಿ ನೋಡುವವರಿಲ್ಲ, ಹೊಗಳುವವರಿಲ್ಲ. ಅವನು ತನಗೆ ತಾನೇ ಹೇಳಿಕೊಳ್ಳುವ ಕಾರಣವೊಂದೇ ಇರುತ್ತದೆ. ಆ ಕಾರಣವು ದಿಟವೋ ನೆಪವೋ ಎಂಬುದನ್ನು ಪರೀಕ್ಷಿಸುವುದೂ ಧರ್ಮಜಿಜ್ಞಾಸೆಯ ಒಂದು ಭಾಗವೇ ಆಗಿದೆ.

ಒಬ್ಬರನ್ನೊಬ್ಬರು ಕಂಡಾಗ ಯೋಗಕ್ಷೇಮವನ್ನು ವಿಚಾರಿಸುವುದು ನಾಡಿನ ಹಳೆಯ ಸಂಪ್ರದಾಯ. ವಿಚಾರಿಸುವವರಲ್ಲಿ ಅನೇಕರು ಅದನ್ನು ಒಂದೇ ಮಾತೆಂದು ತಿಳಿದಿರುತ್ತಾರೆ. ವಾಸ್ತವವಾಗಿ ಅದು ಎರಡು ಮಾತು. ಶ್ರೀ ಶಂಕರ ಭಗವತ್ಪಾದರು ಗೀತಾಭಾಷ್ಯದಲ್ಲಿ, ದೊರೆಯದಿದ್ದುದನ್ನು ದೊರಕಿಸಿಕೊಳ್ಳುವುದು ಯೋಗವೆಂದೂ, ದೊರೆತುದನ್ನು ಕಾಪಾಡಿಕೊಳ್ಳುವುದು ಕ್ಷೇಮವೆಂದೂ ಬಿಡಿಸಿದ್ದಾರೆ. ಗೃಹಕೃತ್ಯವೆಲ್ಲವೂ ಈ ಎರಡರ ನಡುವೆ ನಡೆಯತಕ್ಕದ್ದು. ಎಲ್ಲಿ ಕ್ಷೇಮವು ಸಾಕು, ಎಲ್ಲಿ ಯೋಗವು ಬೇಕು ಎಂಬ ವಿವೇಕವು ತಪ್ಪಿದಲ್ಲಿ ಮನೆಯು ಸಾಲಕ್ಕೆ ಬೀಳುತ್ತದೆ, ಇಲ್ಲವೆ ಅಪಾಯಕ್ಕೆ ಬೀಳುತ್ತದೆ. ಇದನ್ನು ಒಂದು ಸಾಧಾರಣವಾದ ದೃಷ್ಟಾಂತದಿಂದ ವಿಚಾರಿಸಬಹುದು.

ಬೆಂಗಳೂರಿನ ಪೂರ್ವದಿಕ್ಕಿನಲ್ಲಿ, ವೈಟ್‌ಫೀಲ್ಡಿಗೆ ಹೋಗುವ ದಾರಿಯಲ್ಲಿ, ಹೂಡಿ ಎಂಬ ಊರಿದೆ. ಹಿಂದೆ ಕೆರೆಯೂ ರಾಗಿಯ ಹೊಲಗಳೂ ಇದ್ದ ಹಳ್ಳಿಯದು. ಒಂದು ಕಡೆ ಮಹದೇವಪುರದ ಕಾರ್ಖಾನೆಗಳೂ, ಇನ್ನೊಂದು ಕಡೆ ಗಣಕಯಂತ್ರದ ಉದ್ಯಮದ ಸೌಧಗಳೂ ಬೆಳೆದು ಈಗ ಅದು ಮಹಾನಗರದೊಳಗೆ ಸೇರಿಹೋಗಿದೆ. ಇಲ್ಲಿ ವಾಸಮಾಡುತ್ತ, ನಗರದ ಇನ್ನೊಂದು ತುದಿಯಾದ ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸಮಾಡುವ ಗೃಹಸ್ಥನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಅವನಲ್ಲಿ 2010ರಲ್ಲಿ ಕೊಂಡ 100 ಸಿ.ಸಿ.ಯ ಮೋಟಾರ್ ಸೈಕಲ್ ಒಂದಿದೆ. ಹೋಗಿಬರುವ ದಾರಿಯು ದಿನಕ್ಕೆ ಸುಮಾರು 50 ಕಿಲೋಮೀಟರು. ಮಳೆಯಾಗಲಿ ಚಳಿಯಾಗಲಿ, ಬೆಳಗಿನ ಹೊತ್ತು ಚೋಕ್ ಎಳೆದು ಒಂದೆರಡು ಬಾರಿ ಕಿಕ್ ಹೊಡೆದರೆ ಅದು ಹೊರಡುತ್ತದೆ. ನಡುದಾರಿಯಲ್ಲಿ ಅವನನ್ನು ಕೈಬಿಟ್ಟುದು ಅಪರೂಪ. 1988ರ ಮೋಟಾರು ವಾಹನಗಳ ಕಾಯಿದೆಯಂತೆ ಇಂಥ ವಾಹನದ ನೋಂದಣಿಯು 15 ವರ್ಷಗಳವರೆಗೆ ಊರ್ಜಿತ. ಅನಂತರ ವಾಹನವನ್ನು ಪರೀಕ್ಷೆಗೆ ಒಪ್ಪಿಸಿ ಐದು ವರ್ಷಗಳಿಗೆ ನವೀಕರಿಸಿಕೊಳ್ಳಬೇಕು. 2025ರಲ್ಲಿ ಆ ಅವಧಿಯು ಮುಗಿಯುತ್ತಲೇ ಗೃಹಸ್ಥನಿಗೆ ಪ್ರಶ್ನೆ ಹುಟ್ಟಿತು: ನವೀಕರಿಸಬೇಕೆ, ಬದಲಿಸಬೇಕೆ?

ಬದಲಿಸಬೇಕೆನ್ನುವವರ ಪಕ್ಷವನ್ನು ಮೊದಲು ನೋಡತಕ್ಕದ್ದು. ಅವರು ಮೊದಲು ಎತ್ತುವ ಮಾತು ಮರ್ಯಾದೆಯದು. ಕಾರ್ಖಾನೆಯ ಬಾಗಿಲಲ್ಲಿ, ಕಲ್ಯಾಣಮಂಟಪದ ಅಂಗಳದಲ್ಲಿ, “ಇನ್ನೂ ಅದೇ ಗಾಡಿಯೇ?” ಎಂದು ಕೇಳುವವರಿದ್ದಾರೆ. ಕೇಳಿದವರು ಮರುಗಳಿಗೆಯಲ್ಲಿ ಮರೆಯುತ್ತಾರೆ. ಕೇಳಿಸಿಕೊಂಡವನು ಮೂರು ವರ್ಷ ಕಂತು ಕಟ್ಟುತ್ತಾನೆ. ಲಜ್ಜೆಯು ಒಳ್ಳೆಯ ಗುಣವೇ. ಆದರೆ ನಾಚಬೇಕಾದುದು ಅಕಾರ್ಯಕ್ಕೆ. ಸವೆದ ಬಣ್ಣಕ್ಕೆ ನಾಚುವವನು ಲಜ್ಜೆಯನ್ನು ಅಸ್ಥಾನದಲ್ಲಿ ವ್ಯಯಮಾಡುತ್ತಾನೆ.

ಎರಡನೆಯ ಮಾತು ಬೆಲೆಯದು. 2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ.ವರೆಗಿನ ದ್ವಿಚಕ್ರವಾಹನಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯು ನೂರಕ್ಕೆ 28ರಿಂದ 18ಕ್ಕೆ ಇಳಿಯಿತು. ಕೊಳ್ಳಲು ಇದೇ ಸಮಯವೆಂದು ಅಂಗಡಿಯವರೂ ಹೇಳಿದರು, ನೆಂಟರೂ ಹೇಳಿದರು. ಬೆಲೆ ಇಳಿದುದು ಸತ್ಯ. ಆದರೆ ಅದು ಪೇಟೆಯ ಸಂಗತಿಯೇ ಹೊರತು ಮನೆಯ ಮುಂದೆ ನಿಂತಿರುವ ಗಾಡಿಯ ಸಂಗತಿಯಲ್ಲ. ಸೆಪ್ಟೆಂಬರ್ 21ರಂದು ಬೇಡವಾಗಿದ್ದ ವಸ್ತುವು 22ರಂದು ಬೇಕಾಯಿತೆಂದರೆ, ಬದಲಾದುದು ಅವಶ್ಯಕತೆಯಲ್ಲ, ಆಸೆ.

ಮೂರನೆಯದು ಪೆಟ್ರೋಲಿನ ಲೆಕ್ಕ. ಹಳೆಯ ಗಾಡಿಯು ಲೀಟರಿಗೆ 50 ಕಿಲೋಮೀಟರು, ಹೊಸದು 60 ಕಿಲೋಮೀಟರು ಓಡುವುದೆಂದು ಇಟ್ಟುಕೊಂಡರೆ, ತಿಂಗಳಿಗೆ 25 ದಿನಗಳಂತೆ 1,250 ಕಿಲೋಮೀಟರಿಗೆ ಹಳೆಯದಕ್ಕೆ 25 ಲೀಟರು, ಹೊಸದಕ್ಕೆ 21 ಲೀಟರು ಬೇಕಾಗುವುದು. ಲೀಟರಿಗೆ ನೂರು ರೂಪಾಯಿಯೆಂದು ಸ್ಥೂಲವಾಗಿ ಹಿಡಿದರೆ ತಿಂಗಳ ಉಳಿತಾಯ 400 ರೂಪಾಯಿ. ಹೊಸ ಗಾಡಿಗೆ ಒಂದು ಲಕ್ಷವೆಂದು ಭಾವಿಸಿದರೆ, ಬಡ್ಡಿಯನ್ನು ಬಿಟ್ಟು ಅಸಲೊಂದೇ 36 ತಿಂಗಳ ಕಂತಿನಲ್ಲಿ ತಿಂಗಳಿಗೆ 2,700 ರೂಪಾಯಿಗೆ ಮೀರುವುದು. ನಾನೂರನ್ನು ಉಳಿಸಲು ಎರಡು ಸಾವಿರದ ಏಳುನೂರನ್ನು ತೆರುವುದನ್ನು ಮಿತವ್ಯಯವೆನ್ನಲಾಗದು. ಹೊಸದನ್ನು ಕೊಳ್ಳಬಾರದೆಂದು ಈ ಲೆಕ್ಕವು ಹೇಳುವುದಿಲ್ಲ. ಉಳಿತಾಯದ ಹೆಸರನ್ನಿಟ್ಟುಕೊಂಡು ಕೊಳ್ಳಬಾರದೆಂದಷ್ಟೇ ಹೇಳುತ್ತದೆ.

ಇಷ್ಟರಿಂದ ಹಳೆಯದೇ ಮೇಲೆಂದು ತೀರ್ಮಾನಿಸಿದರೆ ಅದೂ ಅವಸರದ ಮಾತಾದೀತು. ಉಳಿಸಿಕೊಳ್ಳಬೇಕೆನ್ನುವವರ ಪಕ್ಷದಲ್ಲಿಯೂ ಪರೀಕ್ಷಿಸಬೇಕಾದ ಮಾತುಗಳಿವೆ. ಅವುಗಳಲ್ಲಿ ಹೃದಯಕ್ಕೆ ಹತ್ತಿರವಾದುದು ಕೃತಜ್ಞತೆ. ಮಗಳನ್ನು ಮೊದಲ ದಿನ ಶಾಲೆಗೆ ಕರೆದೊಯ್ದುದು ಇದೇ ಗಾಡಿ. ತಂದೆಯ ಕಡೆಯ ದಿನಗಳಲ್ಲಿ ಔಷಧಕ್ಕಾಗಿ ಅಪರಾತ್ರಿಯಲ್ಲಿ ಓಡಿದುದು ಇದೇ ಗಾಡಿ. ಇಂಥದನ್ನು ಮಾರುವುದು ದ್ರೋಹವಲ್ಲವೆ ಎಂದು ಮನಸ್ಸು ಹಿಂಜರಿಯುತ್ತದೆ. ಇದೇ ಹೂಡಿಯ ಹೊಲಗಳಲ್ಲಿ ಎತ್ತು ಕಟ್ಟಿ ಉತ್ತ ರೈತನಿಗೂ ಈ ಹಿಂಜರಿಕೆಯು ಇದ್ದಿರಬೇಕು. ಆದರೆ ಅವನ ಹಿಂಜರಿಕೆಗೆ ಆಧಾರವಿತ್ತು. ಎತ್ತು ಜೀವವುಳ್ಳದ್ದು, ನೊಗದ ನೋವನ್ನು ಅನುಭವಿಸಿ ದುಡಿದದ್ದು, ಮುಪ್ಪಿನಲ್ಲಿ ಅದಕ್ಕೆ ಹುಲ್ಲು ನೀರು ಕೊಡುವುದು ಋಣಪರಿಹಾರ. ಕಬ್ಬಿಣಕ್ಕೆ ನೋವಿಲ್ಲ, ಆದುದರಿಂದ ಅದರ ಋಣವೂ ಇಲ್ಲ. ಗೃಹಸ್ಥನು ಪ್ರೀತಿಸುತ್ತಿರುವುದು ಗಾಡಿಯನ್ನಲ್ಲ, ಅದರ ಮೇಲೆ ಕಳೆದ ತನ್ನ ಹದಿನೈದು ವರ್ಷಗಳನ್ನು. ಆ ಪ್ರೀತಿಯು ನಿಂದ್ಯವಲ್ಲ. ಅದನ್ನು ಯುಕ್ತಿಯೆಂದು ಕರೆಯಬಾರದು, ಅಷ್ಟೆ.

ಇಂಥ ಅಭಿಮಾನಕ್ಕೆ ಕರ್ನಾಟಕದಲ್ಲಿಯೇ ಪ್ರಸಿದ್ಧವಾದ ದೃಷ್ಟಾಂತವಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1960ರ ಸುಮಾರಿನಲ್ಲಿ ಆರಂಭವಾಗಿ, ಮೊದಲು ಜಾವಾ ಎಂದೂ ಅನಂತರ ಯೆಜ್ಡಿ ಎಂದೂ ಹೆಸರಾದ ಮೋಟಾರ್ ಸೈಕಲ್ಲುಗಳನ್ನು ತಯಾರಿಸಿ, 1996ರಲ್ಲಿ ನಿಂತುಹೋಯಿತು. ಕಾರ್ಖಾನೆಯು ಹೋಗಿ ಮೂರು ದಶಕಗಳಾಗುತ್ತ ಬಂದರೂ ಅದರ ಗಾಡಿಗಳು ಮೈಸೂರು ಬೆಂಗಳೂರುಗಳಲ್ಲಿ ಇನ್ನೂ ಓಡುತ್ತಿವೆ. ಕಿಕ್ ಹೊಡೆಯುವ ಸನ್ನೆಯನ್ನೇ ಮಡಿಸಿ ಗೇರ್ ಬದಲಾಯಿಸುವ ಅದರ ಕೌಶಲವನ್ನು ಬಲ್ಲವರು ಇಂದಿಗೂ ಅಕ್ಕರೆಯಿಂದ ವರ್ಣಿಸುತ್ತಾರೆ. ಇದರಿಂದ ತಿಳಿಯತಕ್ಕ ಸಂಗತಿಯೊಂದಿದೆ. ಗಾಡಿಯು ನಂಬತಕ್ಕದ್ದೆಂದು ಹೇಳುವಾಗ ಆ ನಂಬಿಕೆಯು ಲೋಹದಲ್ಲಿ ಮಾತ್ರ ಇರುವುದಿಲ್ಲ. ಬಿಡಿಭಾಗ ದೊರಕುವ ಅಂಗಡಿಯಲ್ಲಿ, ಅದರ ಸದ್ದನ್ನು ಕೇಳಿಯೇ ರೋಗವನ್ನು ತಿಳಿಯುವ ಮೆಕ್ಯಾನಿಕ್ಕಿನ ಕಿವಿಯಲ್ಲಿ, ಕಾಲಕಾಲಕ್ಕೆ ಎಣ್ಣೆ ಬದಲಾಯಿಸುವ ಒಡೆಯನ ಅಭ್ಯಾಸದಲ್ಲಿ ಹಂಚಿಕೊಂಡಿರುತ್ತದೆ. ಇವುಗಳಲ್ಲಿ ಒಂದು ತಪ್ಪಿದರೂ ನಂಬಿಕೆಯು ಹೆಸರಿಗೆ ಮಾತ್ರ ಉಳಿಯುವುದು. ಆ ಗಾಡಿಗಳನ್ನು ಜೋಪಾನಮಾಡಿದವರು ಅವುಗಳಿಗಾಗಿ ಬಿಡುವನ್ನೂ ಹಣವನ್ನೂ ಮನಸ್ಸಿಟ್ಟು ವೆಚ್ಚಮಾಡಿದರು. ದಿನವೂ 50 ಕಿಲೋಮೀಟರು ಓಡಿಸಿ, ಚೈನಿಗೆ ಎಣ್ಣೆ ಬಿಡಲೂ ಬಿಡುವಿಲ್ಲದವನು ಅದೇ ಅಭಿಮಾನವನ್ನು ಹೇಳಿಕೊಂಡರೆ ಅವನಲ್ಲಿರುವುದು ಫಲದ ಆಸೆ ಮಾತ್ರ, ಸಾಧನೆಯಲ್ಲ.

ಆಯುಧಪೂಜೆಯ ದಿನ ಹೂಡಿಯ ಬೀದಿಗಳಲ್ಲಿ ಇದನ್ನು ಪ್ರತ್ಯಕ್ಷವಾಗಿ ಕಾಣಬಹುದು. ಗಾಡಿಗಳಿಗೆ ಸ್ನಾನವಾಗುವುದು, ಅರಿಸಿನ ಕುಂಕುಮ ಹೂವು ಏರುವುದು, ಬೂದುಗುಂಬಳ ಒಡೆಯುವುದು, ಚಕ್ರದ ಕೆಳಗೆ ನಿಂಬೆಹಣ್ಣು ನುಗ್ಗಾಗುವುದು. ಆ ಗಾಡಿಗಳಲ್ಲಿ ಎಷ್ಟರ ಬ್ರೇಕ್ ಶೂ ಸವೆದಿದೆ, ಎಷ್ಟರ ಟೈರು ನುಣ್ಣಗಾಗಿದೆ ಎಂದು ಬಾಗಿ ನೋಡುವವರು ವಿರಳ. ಸಾಧನವನ್ನು ಪೂಜಿಸಬೇಕೆಂದ ಹಿರಿಯರು ಅದನ್ನು ಸರಿಯಾಗಿಟ್ಟುಕೊಳ್ಳುವುದನ್ನು ಬಿಡಬಹುದೆಂದು ಹೇಳಲಿಲ್ಲ. ಕತ್ತಿಯನ್ನು ಪೂಜೆಗಿಡುವ ಮೊದಲು ತುಕ್ಕು ತೆಗೆದು ಮಸೆಯುವುದು ಪೂಜೆಯ ಪೂರ್ವಾಂಗವೇ ಆಗಿತ್ತು.

ಹೀಗೆ ಎರಡು ಪಕ್ಷಗಳಲ್ಲಿಯೂ ಮೋಹವಿದೆ. ಒಂದು ಹೊಸತರ ಮೋಹ, ಇನ್ನೊಂದು ಹಳತರ ಮೋಹ. ಕಾಳಿದಾಸನು ಮಾಲವಿಕಾಗ್ನಿಮಿತ್ರದ ಪ್ರಸ್ತಾವನೆಯಲ್ಲಿ ಹಳೆಯ ಕಾವ್ಯ ಹೊಸ ಕಾವ್ಯಗಳ ವಿಚಾರವನ್ನೆತ್ತಿ, ವಯಸ್ಸನ್ನು ಬಿಟ್ಟು ಪರೀಕ್ಷೆಯನ್ನು ನಂಬಬೇಕೆಂಬ ಅಭಿಪ್ರಾಯವನ್ನು ಸೂಚಿಸಿದ್ದಾನೆ. ಕಾವ್ಯದ ವಿಷಯದಲ್ಲಿ ಪರೀಕ್ಷೆಯು ತಪ್ಪಿದರೆ ಒಂದು ಸಂಜೆ ಹಾಳಾದೀತು. ವಾಹನದ ವಿಷಯದಲ್ಲಿ ಹೋಗುವುದು ಪ್ರಾಣ. ಆದುದರಿಂದ ಇಲ್ಲಿ ಯಾವುದನ್ನು ಪರೀಕ್ಷಿಸಬೇಕೆಂಬುದನ್ನು ಇನ್ನೂ ಬಿಡಿಸಿ ಹೇಳಬೇಕಾಗಿದೆ.

ಗೃಹಸ್ಥನು ತನ್ನ ಗಾಡಿಯನ್ನು ಹೊಗಳುತ್ತ, ಹದಿನೈದು ವರ್ಷಗಳಲ್ಲಿ ಅದು ದಾರಿಯಲ್ಲಿ ನಿಂತುದನ್ನು ಬೆರಳಲ್ಲಿ ಎಣಿಸಬಹುದೆಂದನಂತೆ. ಅದನ್ನು ಕೇಳಿದ ಅವನ ಪತ್ನಿಯು, “ನಿಂತರೆ ಏನಾಯಿತು? ನಿಮಗೆ ಹೊತ್ತಾಗುತ್ತದೆ, ಅಷ್ಟೇ ತಾನೆ! ನಿಲ್ಲಿಸಬೇಕಾದಾಗ ನಿಲ್ಲುತ್ತದೆಯೆ, ಅದನ್ನು ಹೇಳಿ. ಸಂಜೆ ಹೊತ್ತು ಹಿಂದೆ ಕೂತು ಬರುವವಳು ಮಗಳು” ಎಂದಳಂತೆ. ಈ ಗೃಹಸ್ಥನೂ ಅವನ ಪತ್ನಿಯೂ ಕಲ್ಪಿತರೇ ಆಗಿರಲಿ, ಆ ತಾಯಿಯ ಮಾತಿನಲ್ಲಿ ಇಡೀ ವಿಚಾರದ ತಿರುಳಿದೆ. ನಂಬಿಕೆಯು ಎರಡು ಬಗೆ. ಹೊರಡುವ ನಂಬಿಕೆಯೊಂದು, ನಿಲ್ಲುವ ನಂಬಿಕೆಯೊಂದು. ಲೋಕವು ಹೊಗಳುವುದು ಮೊದಲನೆಯದನ್ನು. ಎಂಜಿನ್ ಹೊರಡದಿದ್ದರೆ ಅದರ ಕಷ್ಟವು ಒಡೆಯನಿಗೆ ಮಾತ್ರ: ಅವನು ತಳ್ಳಿಕೊಂಡು ಹೋಗುತ್ತಾನೆ, ಬೆವರುತ್ತಾನೆ, ಮೇಲಧಿಕಾರಿಯ ಮಾತನ್ನು ಕೇಳುತ್ತಾನೆ. ಬ್ರೇಕು ಹಿಡಿಯದಿದ್ದರೆ ಅದರ ಫಲವನ್ನು ಅನುಭವಿಸುವವರು ಬೇರೆಯವರು: ಹಿಂದೆ ಕುಳಿತ ಮಗಳು, ಹೂಡಿಯ ವೃತ್ತದಲ್ಲಿ ರಸ್ತೆ ದಾಟುತ್ತಿರುವ ಮುದುಕಿ, ಪಕ್ಕದಲ್ಲಿ ಸೈಕಲ್ ತುಳಿಯುತ್ತಿರುವ ಕೂಲಿಯವನು. ಅವರಾರೂ ಆ ಗಾಡಿಯನ್ನು ಉಳಿಸಿಕೊಳ್ಳುವ ನಿರ್ಣಯದಲ್ಲಿ ಭಾಗಿಗಳಲ್ಲ.

ಮಿತವ್ಯಯದ ಎಲ್ಲೆಯು ಇಲ್ಲಿ ಸ್ಪಷ್ಟವಾಗುತ್ತದೆ. ತನ್ನ ಸುಖವನ್ನು ಕಡಮೆಮಾಡಿಕೊಂಡು ಹಣ ಉಳಿಸುವುದು ಸಂಯಮ. ಪರರ ಕ್ಷೇಮವನ್ನು ಕಡಮೆಮಾಡಿ ಹಣ ಉಳಿಸುವುದು ಅಪಹಾರ. ಬಣ್ಣ ಮಾಸಿದರೆ, ಆಸನ ಹರಿದರೆ, ಕಿಕ್ ನಾಲ್ಕು ಬಾರಿ ಹೊಡೆಯಬೇಕಾದರೆ ಗೃಹಸ್ಥನು ಸಹಿಸಬಹುದು. ಸಹಿಸಿದಷ್ಟೂ ಅದು ಅವನ ಗುಣ. ಬ್ರೇಕಿನಲ್ಲಿ, ಟೈರಿನಲ್ಲಿ, ಹಿಡಿಕೆಯ ಬೇರಿಂಗಿನಲ್ಲಿ, ದೀಪದಲ್ಲಿ ಅವನ ಸಹನೆಗೆ ಅಧಿಕಾರವಿಲ್ಲ.

ಈ ದೃಷ್ಟಿಯಿಂದ ಹೊಸ ವಾಹನದ ಪಕ್ಷದಲ್ಲಿ ನಿಜವಾದ ಯುಕ್ತಿಯೊಂದು ಉಂಟು. 2019ರ ಏಪ್ರಿಲ್ 1ರಿಂದ, 125 ಸಿ.ಸಿ.ವರೆಗಿನ ದ್ವಿಚಕ್ರವಾಹನಗಳಲ್ಲಿ ಒಂದೇ ಬ್ರೇಕನ್ನು ಒತ್ತಿದರೂ ಎರಡು ಚಕ್ರಗಳೂ ಹಿಡಿಯುವ ಏರ್ಪಾಟು ಇರಬೇಕೆಂದು ನಿಯಮವಾಯಿತು. ಅದಕ್ಕಿಂತ ದೊಡ್ಡವುಗಳಲ್ಲಿ ಚಕ್ರವು ಬಿಗಿದು ಜಾರದಂತೆ ತಡೆಯುವ ಏರ್ಪಾಟು ಕಡ್ಡಾಯವಾಯಿತು. ಗಾಬರಿಯಲ್ಲಿ ಹಿಂದಿನ ಬ್ರೇಕೊಂದನ್ನೇ ತುಳಿಯುವವರು ಬಹಳ. ಆಗ ಗಾಡಿಯ ಭಾರವು ಮುಂದಕ್ಕೆ ಬೀಳುವುದರಿಂದ ಹಿಂದಿನ ಚಕ್ರದ ಹಿಡಿತವು ಕುಗ್ಗಿ, ಗಾಡಿಯು ನಿಲ್ಲದೆ ಜಾರುತ್ತದೆ. ಮುಂದಿನ ಚಕ್ರವೂ ಜೊತೆಗೆ ಹಿಡಿದರೆ ನಿಲ್ಲುವ ದೂರವು ಕಡಮೆಯಾಗುವುದು. 2010ರ ಗಾಡಿಯಲ್ಲಿ ಈ ಏರ್ಪಾಟಿಲ್ಲ. ಎಷ್ಟು ರಿಪೇರಿ ಮಾಡಿಸಿದರೂ ಅದು ಬರುವುದಿಲ್ಲ. ಈ ಕೊರತೆಯನ್ನು ಹಳತರ ಅಭಿಮಾನಿಗಳು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು.

ಹಾಗಾದರೆ ಕೊಳ್ಳುವುದೊಂದೇ ದಾರಿಯೆ? ಆತುರಪಡಬೇಕಾಗಿಲ್ಲ. ಅಪಾಯವು ಗಾಡಿಯೊಂದರಿಂದ ಹುಟ್ಟುವುದಲ್ಲ. ಓಡುವ ದೂರದಿಂದಲೂ ಹುಟ್ಟುತ್ತದೆ. 2023ರ ಮಾರ್ಚಿಯಲ್ಲಿ ಕೃಷ್ಣರಾಜಪುರದಿಂದ ವೈಟ್‌ಫೀಲ್ಡಿನವರೆಗೆ ಮೆಟ್ರೋ ರೈಲು ತೆರೆಯಿತು. ಹೂಡಿಗೂ ಒಂದು ನಿಲ್ದಾಣ ಬಂತು. ಅದೇ ವರ್ಷದ ಅಕ್ಟೋಬರ್ 9ರಂದು ಬೈಯಪ್ಪನಹಳ್ಳಿಯ ಬಳಿ ಉಳಿದಿದ್ದ ತುಂಡೂ ಕೂಡಿಕೊಂಡಿತು. ಪೀಣ್ಯಕ್ಕೆ 2014ರಲ್ಲಿಯೇ ರೈಲು ಬಂದಿತ್ತು. ಈಗ ಹೂಡಿಯಲ್ಲಿ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ, ಪೀಣ್ಯದಲ್ಲಿ ಇಳಿಯಬಹುದು. 2025ರ ಫೆಬ್ರವರಿಯಲ್ಲಿ ಗರಿಷ್ಠ ದರವು 60ರಿಂದ 90 ರೂಪಾಯಿಗೆ ಏರಿದುದರಿಂದ ಈ ದಾರಿ ಅಗ್ಗವಲ್ಲ. ಗರಿಷ್ಠ ದರವನ್ನೇ ಹಿಡಿದರೆ 25 ದಿನಕ್ಕೆ 4,500 ರೂಪಾಯಿ. ಹಳೆಯ ಗಾಡಿಯ ಪೆಟ್ರೋಲು 2,500. ಹೊಸ ಗಾಡಿಯಾದರೋ, ಪೆಟ್ರೋಲು 2,100, ಅಸಲಿನ ಕಂತು 2,700, ಒಟ್ಟು 4,800; ಆದರೆ ಮೂರು ವರ್ಷಗಳ ಮೇಲೆ ಕಂತು ತೀರಿ ಗಾಡಿ ಕೈಯಲ್ಲಿ ಉಳಿಯುತ್ತದೆ. ಹೀಗೆ ಹಣದ ಲೆಕ್ಕವು ಒಂದು ಪಕ್ಷಕ್ಕೆ ಸ್ವಲ್ಪ, ಇನ್ನೊಂದು ಪಕ್ಷಕ್ಕೆ ಸ್ವಲ್ಪ ವಾಲುತ್ತದೆಯೇ ಹೊರತು ನಿರ್ಣಯವನ್ನು ಕೊಡುವುದಿಲ್ಲ. ನಿರ್ಣಯವನ್ನು ಕೊಡಬೇಕಾದುದು ನಿಲ್ಲುವ ನಂಬಿಕೆ.

ಗೃಹಸ್ಥನು ಗಾಡಿಯನ್ನು ಮೆಕ್ಯಾನಿಕ್ಕಿನ ಬಳಿಗೆ ಒಯ್ದನು. ಎಂಜಿನ್ನಿನ ಸದ್ದನ್ನು ಕೇಳಿ ಅವನು, “ಇದಕ್ಕೇನೂ ಆಗಿಲ್ಲ ಸಾರ್, ಬೋರ್ ಮಾಡಿಸೋದು ಬೇಡ” ಎಂದನು. ಮುಂದಿನ ಚಕ್ರವನ್ನು ಬಿಚ್ಚಿದ ಮೇಲೆ ಅವನ ಮಾತು ಬೇರೆಯಾಯಿತು. ಡ್ರಮ್ಮು ಒಳಗೆ ಸವೆದು ಗುಂಡನೆಯ ಆಕಾರವನ್ನೇ ಕಳೆದುಕೊಂಡಿತ್ತು, ಕೋನ್‌ಸೆಟ್ಟು ಅಲ್ಲಾಡುತ್ತಿತ್ತು, ಟೈರಿನ ರಬ್ಬರಿನಲ್ಲಿ ಬಿರುಕುಗಳಿದ್ದವು. ಹೊರಡುವ ಅಂಗವು ಗಟ್ಟಿಯಾಗಿದ್ದು, ನಿಲ್ಲುವ ಅಂಗವು ಜೀರ್ಣವಾಗಿತ್ತು. ದಿನವೂ ಬೆಳಗ್ಗೆ ಒಂದೇ ಕಿಕ್ಕಿಗೆ ಬರುವ ಸದ್ದಿನಿಂದ ಸಂತುಷ್ಟನಾದವನಿಗೆ ಇದು ತಿಳಿದಿರಲಿಲ್ಲ. ಆಗ ಅವನು ಕೇಳಿದ ಪ್ರಶ್ನೆಯು ವಿವೇಕದ್ದು: “ಇದನ್ನೆಲ್ಲ ಸರಿಮಾಡಿದರೆ, ನಿಮ್ಮ ಮಗನನ್ನು ಈ ಗಾಡಿಯಲ್ಲಿ ಕಳಿಸುತ್ತೀರಾ?” ಮೆಕ್ಯಾನಿಕ್ಕು ಸ್ವಲ್ಪ ಯೋಚಿಸಿ, “ಇಲ್ಲೇ ಹೂಡಿಯೊಳಗೆ ಕಳಿಸುತ್ತೇನೆ ಸಾರ್. ಮಳೆಗಾಲದಲ್ಲಿ ರಿಂಗ್ ರೋಡಿಗೆ ಕಳಿಸೋದಿಲ್ಲ” ಎಂದನು.

ಈ ಉತ್ತರದಲ್ಲಿ ನಿರ್ಣಯವು ಸಿಕ್ಕಿತು. ಆಶ್ರಮಗಳು ನಾಲ್ಕೆಂದು ಶಾಸ್ತ್ರವು ಹೇಳುತ್ತದೆ. ಗೃಹಸ್ಥಾಶ್ರಮಕ್ಕೂ ಸಂನ್ಯಾಸಕ್ಕೂ ನಡುವೆ ವಾನಪ್ರಸ್ಥವೊಂದಿದೆ. ಅಲ್ಲಿ ಭಾರವು ಇಳಿಯುತ್ತದೆ, ಸೇವೆಯು ಪೂರಾ ನಿಲ್ಲುವುದಿಲ್ಲ. ಗಾಡಿಗೂ ಅಂಥ ನಡುವಿನ ಸ್ಥಿತಿಯುಂಟು. ಗೃಹಸ್ಥನು ಡ್ರಮ್ಮು, ಕೋನ್‌ಸೆಟ್ಟು, ಟೈರುಗಳನ್ನು ಹೊಸದಾಗಿ ಹಾಕಿಸಿದನು. ಖರ್ಚು ಅವನು ಎಣಿಸಿದ್ದಕ್ಕಿಂತ ಹೆಚ್ಚಾಯಿತು. ಪರೀಕ್ಷೆಗೆ ಒಪ್ಪಿಸಿ ನೋಂದಣಿಯನ್ನು ನವೀಕರಿಸಿದನು. ಪೀಣ್ಯಕ್ಕೆ ರೈಲಿನಲ್ಲಿ ಹೋಗತೊಡಗಿದನು. ಸಂಜೆ ಮಗಳನ್ನು ನಿಲ್ದಾಣದಿಂದ ಕರೆತರುವುದಕ್ಕೂ ಸಂತೆಗೂ ಮಾತ್ರ ಗಾಡಿಯು ಉಳಿಯಿತು. ಮಗಳ ತಲೆಗೂ ಹೆಲ್ಮೆಟ್ ತಪ್ಪಲಿಲ್ಲ. ಪ್ರತಿವರ್ಷ ಆಯುಧಪೂಜೆಗೆ ಮುಂಚಿನ ವಾರದಲ್ಲಿ ಚಕ್ರ ಬಿಚ್ಚಿಸಿ ತೋರಿಸುವುದು, ಮೆಕ್ಯಾನಿಕ್ಕು ಹೂಡಿಯೊಳಗೂ ಬೇಡವೆಂದ ವರ್ಷ ಬಿಟ್ಟುಬಿಡುವುದು, ಎಂದು ಮನೆಯಲ್ಲಿ ಒಪ್ಪಂದವಾಯಿತು. ರೈಲಿಲ್ಲದ ಹೊತ್ತಿನಲ್ಲಿ ಪಾಳಿಯುಳ್ಳವನಿಗೆ, ಮಳೆಯ ರಾತ್ರಿಯಲ್ಲಿ ದೂರ ಓಡಲೇಬೇಕಾದವನಿಗೆ ಈ ನಿರ್ಣಯವು ಹೊಂದದು. ಅವನು ಹೊಸದನ್ನು ಕೊಂಡರೆ ಅದು ಆಸೆಯಲ್ಲ, ಕರ್ತವ್ಯವೇ ಆದೀತು.

ಬಿಟ್ಟುಬಿಡುವ ದಿನದ ಧರ್ಮವೊಂದನ್ನು ಹೇಳಬೇಕು. ತನಗೆ ಅಪಾಯವೆಂದು ತಿಳಿದು ಬಿಟ್ಟ ಗಾಡಿಯನ್ನು ಬಣ್ಣ ಬಳಿಸಿ ಇನ್ನೊಬ್ಬನಿಗೆ ಮಾರುವವನು ಅಪಾಯವನ್ನು ನಿವಾರಿಸಲಿಲ್ಲ. ಅದನ್ನು ಬಡವನಿಗೆ ದಾಟಿಸಿ ಮೇಲೆ ಹಣವನ್ನೂ ಪಡೆದನು. ಇಂಥ ಗಾಡಿಯನ್ನು ಕೊಳ್ಳುವವನು ಹಲವು ವೇಳೆ ಮನೆಮನೆಗೆ ಊಟದ ಪೊಟ್ಟಣವನ್ನು ಮುಟ್ಟಿಸಿ ಜೀವಿಸುವ ಹುಡುಗನು. ನಿಮಿಷಗಳನ್ನು ಎಣಿಸಿಕೊಂಡು ಓಡುವವನು. ದೋಷವನ್ನು ಬಾಯಿಬಿಟ್ಟು ಹೇಳಿ ಮಾರಬೇಕು, ಇಲ್ಲವೆ ಗುಜರಿಗೆ ಹಾಕಬೇಕು. ನೋಂದಣಿಯಲ್ಲಿ ಹೆಸರನ್ನೂ ವರ್ಗಾಯಿಸಿ ಕೊಡಬೇಕು. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಒಡೆಯನೆಂದು, ಅಪಘಾತದ ಪರಿಹಾರದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪಿತ್ತಿದೆ. ಕೈ ತೊಳೆದುಕೊಂಡೆನೆಂದು ಹೇಳಿದ ಮಾತ್ರಕ್ಕೆ ಹೊಣೆ ಹೋಗದೆಂಬುದರಲ್ಲಿ ಇಲ್ಲಿ ಕಾಯಿದೆಯೂ ಧರ್ಮವೂ ಒಂದೇ.

ಯೋಗಕ್ಷೇಮದ ಮಾತಿಗೆ ಹಿಂದಿರುಗಿದರೆ ಅದರ ಅರ್ಥವು ಸ್ವಲ್ಪ ವಿಶದವಾಗಿರಬೇಕು. ದೊರೆತುದನ್ನು ಕಾಪಾಡುವುದು ಕ್ಷೇಮವೆಂದಾಗ, ಕಾಪಾಡಬೇಕಾದ ಆ ದೊರೆತ ವಸ್ತುವು ಯಾವುದು? ಹಳೆಯ ಗಾಡಿಯಲ್ಲ, ಹೊಸ ಗಾಡಿಯೂ ಅಲ್ಲ. ಬೆಳಗ್ಗೆ ಹೊರಟವರು ಸಂಜೆಗೆ ಮನೆ ಸೇರುವುದು. ಗಾಡಿಯು ಅದಕ್ಕೆ ಸಾಧನ. ಸಾಧನವು ಆ ಕೆಲಸಕ್ಕೆ ತಕ್ಕುದಾಗಿರುವವರೆಗೆ ಅದನ್ನು ಬಿಡಬೇಕಾಗಿಲ್ಲ; ತಕ್ಕುದಾಗಿಲ್ಲವೆಂದು ತಿಳಿದ ಮೇಲೆ ಇಟ್ಟುಕೊಳ್ಳುವ ಹಕ್ಕಿಲ್ಲ. ಅದನ್ನು ತಿಳಿಯಬೇಕಾದರೆ ವರ್ಷಕ್ಕೊಮ್ಮೆಯಾದರೂ ಚಕ್ರವನ್ನು ಬಿಚ್ಚಿ ನೋಡಬೇಕು.